ಕಣ್ಣಿಲ್ಲದ ತೋಳ

ಕೈಯಲ್ಲಿ ಪೆನ್ನಿದ್ದು ಬಾಯಿಗೆ ಕೆಲಸವಿಲ್ಲದಿದ್ದರೆ ನನ್ನ ಕೈ ತಾನಾಗಿ ತೋಳದ ಮೂತಿ ಬರೆಯುತ್ತದೆ. ಇಡೀ ತೋಳವಲ್ಲ. ಕಿವಿಯಿಲ್ಲ, ಬಾಲವಿಲ್ಲ, ಕಣ್ಣಂತೂ ಇಲ್ಲವೇ ಇಲ್ಲ. ಹಣೆಯಿಂದ ಇಳಿದು ಬರುವ ಒಂದು ಉದ್ದನೆಯ ಗೆರೆ, ಅದರ ತುದಿಗೆ ಮೂಗಿನ ಕಪ್ಪು ಉಂಡೆ, ಅಲ್ಲಿಂದ ಹಿಂದಕ್ಕೆ ಹೊರಳಿದ ಗದ್ದ, ದವಡೆ, ಗಂಟಲಿನ ಹತ್ತಿರ ನಾಲ್ಕು ಕೂದಲು. ಅಲ್ಲಿಗೆ ಕೈ ನಿಲ್ಲುತ್ತದೆ. ಬ್ಯಾಂಕಿನ ಚಲನ್ನಿನ ಹಿಂದೆ, ಬೆಟಗೇರಿಯ ಸೀರೆ ಅಂಗಡಿಯ ರಸೀದಿಯ ಮೇಲೆ, ಪರೀಕ್ಷೆಯ ಕೋಣೆಯಲ್ಲಿ ಮಕ್ಕಳು ಉತ್ತರ ಹುಡುಕುತ್ತ ಸೂರು ನೋಡುವಾಗ ನನ್ನ ಮುಂದಿರುವ ಹಾಳೆಯ ಅಂಚಿನಲ್ಲಿ, ಎಲ್ಲ ಕಡೆಗೂ ಈ ಮೂತಿ ಹೇಳದೆ ಕೇಳದೆ ಬಂದು ಕೂರುತ್ತದೆ.

ಈಚೆಗೆ ನಮ್ಮ ಶಾಲೆಯ ಸಭೆಯಲ್ಲಿ ಮುಖ್ಯ ಗುರುಗಳು ಹೊಸದೊಂದು ಆದೇಶವನ್ನು ನಿಧಾನವಾಗಿ ಓದುತ್ತಿದ್ದರು. ಓದಿ ಮುಗಿಸಿ ಕನ್ನಡಕ ತೆಗೆದವರೇ ನನ್ನ ಹಾಳೆಯ ಕಡೆಗೆ ಬಗ್ಗಿದರು. ಅವರ ಮೂಗು ಸ್ವಲ್ಪ ಉದ್ದ, ಗದ್ದವೂ ಮುಂದೆ. ನಾನು ಅಂಗೈ ಅಡ್ಡ ಹಿಡಿಯುವಷ್ಟರಲ್ಲಿ ನೋಡಿಬಿಟ್ಟಿದ್ದರು.

"ಮೇಡಮ್ಮಾರ, ಇದು ನಾನೇನ್ರಿ?"

"ಅಲ್ರಿ ಸರ, ತೋಳರಿ."

"ಹಂಗಾದ್ರ ಖರೇನ ನಾನs ಬಿಡ್ರಿ," ಎಂದರು ಅವರು. ಸಭೆಯಲ್ಲಿ ಅದೊಂದೇ ಮಾತು ಎಲ್ಲರಿಗೂ ಕೇಳಿಸಿತು. ಆದೇಶ ಏನಿತ್ತೆಂದು ಈಗಲೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಶಾಲೆ, ಸಭೆ ಎಂದ ಮೇಲೆ ಇನ್ನೊಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ನಮ್ಮದು ಅರಳೆ ಹಿಂಜಿ ಗಾದಿ ಹೊಲಿಯುವ ಮನೆತನ. ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ನಮ್ಮ ಅಜ್ಜ ಹೊಲಿದ ಗಾದಿಯ ಮೇಲೆ ಒಮ್ಮೆಯಾದರೂ ಮಲಗದ ಮದುಮಕ್ಕಳು ಇರಲಿಕ್ಕಿಲ್ಲ. ಹಾಗೆ ಊರವರ ನಿದ್ದೆಯನ್ನೆಲ್ಲ ಮೆತ್ತಗೆ ಮಾಡಿದ ಮನೆಯಲ್ಲಿ ನನಗೆ ಓದು ಮೆತ್ತಗೇನೂ ಆಗಲಿಲ್ಲ. ಅರ್ಧ ಬಿ.ಎ.ಯನ್ನು ಶಿರಹಟ್ಟಿಯ ಬಸ್ಸಿನ ಬಾಗಿಲಲ್ಲಿ ಒಂಟಿ ಕಾಲಿನ ಮೇಲೆ ನಿಂತು ಮುಗಿಸಿದೆ. ಉಳಿದರ್ಧವನ್ನು ಅರಳೆಯ ಮೂಟೆಗೆ ಒರಗಿ ತೂಕಡಿಸುತ್ತ. ಪದವಿಯ ಪ್ರಮಾಣಪತ್ರಕ್ಕೆ ಅಪ್ಪ ಕಟ್ಟು ಹಾಕಿಸಿ ಜಂತಿಯ ಹತ್ತಿರ ತೂಗುಹಾಕಿದ್ದಾನೆ. ಅಷ್ಟು ಎತ್ತರದಲ್ಲಿರುವುದನ್ನು ಓದಬೇಕಾದರೆ ಏಣಿ ಬೇಕು. ಕೇಳಿದರೆ, "ಅದು ಓದಾಕಲ್ಲವಾ, ನೋಡಾಕ," ಎನ್ನುತ್ತಾನೆ.

ತೋಳವನ್ನು ಬಿಟ್ಟು ಎಲ್ಲಿಗೋ ಹೋದೆ. ನನ್ನ ಅಭ್ಯಾಸವೇ ಹಾಗೆ.

ನಾನು ಹುಟ್ಟಿ ಬೆಳೆದ ಹಳ್ಳಿ ಶಿರಹಟ್ಟಿಗೂ ಮುಂಡರಗಿಗೂ ನಡುವೆ, ಬಸ್ಸು ನಿಲ್ಲಲೋ ಬೇಡವೋ ಎಂದು ಯೋಚಿಸುವಂಥ ಜಾಗದಲ್ಲಿದೆ. ಅಲ್ಲಿಂದ ಕಪ್ಪತಗುಡ್ಡ ನೀಲಿಯಾಗಿ ಕಾಣುತ್ತದೆ. ಈಗ ಗುಡ್ಡದ ಬೆನ್ನ ಮೇಲೆ ಗಾಳಿಯ ಫ್ಯಾನುಗಳು ಸಾಲಾಗಿ ನಿಂತಿವೆ. ಆಗ ಗುಡ್ಡ ಬರಿದಾಗಿ, ಮಲಗಿದ ದೊಡ್ಡ ಪ್ರಾಣಿಯ ಹಾಗೆ ಇತ್ತು. ಮಧ್ಯಾಹ್ನದ ಹೊತ್ತು ಅಜ್ಜ ಹಿಂಜುವ ಬಿಲ್ಲನ್ನು ತೂಗುಬಿಟ್ಟು ನರದ ಹುರಿಗೆ ಮರದ ಗುಂಡಿನಿಂದ ಹೊಡೆಯುತ್ತಿದ್ದ. ಟೊಂಯ್ ಟೊಂಯ್ ಎಂದು ಮನೆಯೆಲ್ಲ ಒಳಗಿಂದೊಳಗೆ ನಡುಗುತ್ತಿತ್ತು. ಅರಳೆ ಬಿಡಿಸಿಕೊಂಡು ಮೇಲೇಳುತ್ತಿತ್ತು. ಬಾಗಿಲಿಂದ ಬಿದ್ದ ಬಿಸಿಲಿನ ಕೋಲಿನೊಳಗೆ ಅದು ಇಳಿಯಲೊಲ್ಲದೆ, ಏರಲೊಲ್ಲದೆ ತೇಲುತ್ತಿತ್ತು. ಅವ್ವನ ರೆಪ್ಪೆಯ ಮೇಲೆ ಅರಳೆ, ಸಾರಿನ ಗಡಿಗೆಯಲ್ಲಿ ಅರಳೆ, ನನ್ನ ಕನಸಿನಲ್ಲೂ ಅರಳೆ. ಸಣ್ಣವಳಿದ್ದಾಗ ಮೋಡಗಳನ್ನು ಅಜ್ಜನೇ ಹಿಂಜಿ ಬಿಟ್ಟಿದ್ದಾನೆಂದು ತಿಳಿದಿದ್ದೆ. ಬಹಳ ದಿನ ಯಾರೂ ಅಲ್ಲವೆಂದು ಹೇಳಲಿಲ್ಲ.

ನಮ್ಮ ಮಗ್ಗುಲ ಮನೆ ನೀಲವ್ವನದು. ಕುರಿಗಾರರ ಮನೆ. ಗಂಡ ದೊಡ್ಡ ಹಿಂಡು ಕಟ್ಟಿಕೊಂಡು ಹೊಳೆಯ ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ನೀಲವ್ವ, ಅವಳ ದೊಡ್ಡ ದನಿ, ಬಾಣಂತಿ ಕುರಿಗಳು. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ಅವಳಿಗೆ ನಾನು ಮಾಬೂಬಿಯಲ್ಲ, ಮಾಬಿ.

ಕುರಿಗಾರರ ಮನೆಯ ಸಂಜೆಯನ್ನು ನೀವು ಕಂಡಿದ್ದೀರೋ ಇಲ್ಲವೋ. ಎಳೆಯ ಮರಿಗಳನ್ನು ಮೇಯಲು ಕಳಿಸುವುದಿಲ್ಲ. ದೊಡ್ಡ ಬುಟ್ಟಿಯನ್ನು ಬೋರಲು ಹಾಕಿ ಅದರೊಳಗೆ ಮುಚ್ಚಿಡುತ್ತಾರೆ. ಹೊತ್ತು ಮುಳುಗುವಾಗ ತಾಯಿಗಳು ಕೆಚ್ಚಲು ಬಿಗಿದುಕೊಂಡು ಒದರುತ್ತ ಓಡಿ ಬರುತ್ತವೆ. ನೀಲವ್ವ ಬುಟ್ಟಿ ಎತ್ತುತ್ತಾಳೆ. ಯಾವ ಮರಿ ಯಾರದೆಂದು ಯಾರೂ ಹೇಳಿಕೊಡುವುದು ಬೇಡ. ಮೂಸಿ ನೋಡಿದರೆ ಆಯಿತು, ಗದ್ದಲ ತಟ್ಟನೆ ನಿಲ್ಲುತ್ತದೆ. ಆಮೇಲೆ ಬರೀ ಚಪ್ಪರಿಸುವ ಸದ್ದು.

ಒಂದು ಸಂಜೆ ಬುಟ್ಟಿ ಎತ್ತಿದಾಗ ಒಂದು ಮರಿಯ ಗದ್ದಲ ನಿಲ್ಲಲಿಲ್ಲ. ಅದರ ತಾಯಿ ಕೆಂಚಿ ಬಂದಿರಲಿಲ್ಲ.

ಗುಡ್ಡದ ಸೆರಗಿನಲ್ಲಿ ತೋಳ ಅಡ್ಡಾಡುತ್ತಿದೆಯೆಂದು ಆಗಲೇ ಊರಿನಲ್ಲಿ ಮಾತಿತ್ತು. ನೀಲವ್ವ ಕೂಗುತ್ತ ಹೊಲದ ಬದುವಿನವರೆಗೆ ಹೋಗಿ ಬಂದಳು. ಬಂದವಳು ಅಳಲಿಲ್ಲ. ನೇರ ನಮ್ಮ ಬಾಗಿಲಿಗೆ ಬಂದು ನನ್ನನ್ನು ಕರೆದಳು.

"ಮಾಬೀ, ಸಾಲ್ಯಾಗ ಚಿತ್ರಾ ಬರದ ಬಹುಮಾನ ತಗೊಂಡೀಯಂತಲ್ಲ. ಬಾ ಇಲ್ಲಿ. ತೋಳದ ಬಾಯಿ ಕಟ್ಟೂದೈತಿ."

ಅವರ ಮನೆಯಲ್ಲಿ ಅದೊಂದು ಪದ್ಧತಿ. ಕುರಿ ತಪ್ಪಿಸಿಕೊಂಡ ಸಂಜೆ ಹಟ್ಟಿಯ ಗೋಡೆಯ ಮೇಲೆ ಇದ್ದಿಲಿನಿಂದ ತೋಳದ ಮೂತಿ ಬರೆಯಬೇಕು, ಬಾಯಿ ಮುಚ್ಚಿರಬೇಕು. ಗೋಡೆಯ ಮೇಲೆ ಬಾಯಿ ಮುಚ್ಚಿರುವವರೆಗೆ ಗುಡ್ಡದಲ್ಲೂ ಮುಚ್ಚಿರುತ್ತದೆ. ಕುರಿ ಸಿಕ್ಕ ಮೇಲೆ ಮರೆಯದೆ ಬಾಯಿ ಬಿಚ್ಚಬೇಕು. "ಕಟ್ಟಿ ಹಂಗs ಬಿಟ್ರ ಪಾಪವಾ. ಅದಕ್ಕೂ ಹೊಟ್ಟಿ ಐತಿ, ಅದಕ್ಕೂ ಮರಿ ಅದಾವ," ಎಂದಳು ನೀಲವ್ವ. ಮೊದಲೆಲ್ಲ ಅವಳ ಅತ್ತೆ ಬರೆಯುತ್ತಿದ್ದಳಂತೆ. ಅತ್ತೆ ತೀರಿಕೊಂಡ ಮೇಲೆ ಕೆಲಸ ಇವಳ ಪಾಲಿಗೆ ಬಂದಿತ್ತು. "ನಾ ಬರದ್ರ ಕುಂಬಳಕಾಯಿ ಆಗತೈತಿ. ಕುಂಬಳಕಾಯಿ ಬಾಯಿ ಕಟ್ಟಿ ಏನ ಮಾಡ್ಲಿ?"

ನಾನು ಹಾರಿಕೊಂಡು ಹೊರಟೆ. ಒಳಗಿನಿಂದ ಅಜ್ಜನ ಬಿಲ್ಲಿನ ಸದ್ದು ನಿಂತಿತು.

"ಏನ ಬರೀತಾಳ ಅಕಿ?"

"ತೋಳರೀ ಅಜ್ಜಾರ."

"ಜೀವದ ಚಿತ್ರಾ ಬ್ಯಾಡ. ಬರದಾಕಿಗೆ ನಾಳೆ ಮ್ಯಾಲೆ ಕೇಳ್ತಾರ, ಬರದಿಯಲ್ಲ, ಇನ್ನ ಇದಕ್ಕ ಜೀವಾ ತುಂಬು ಅಂತ. ಈ ಕೂಸು ಎಲ್ಲಿಂದ ತರಬೇಕು ಜೀವಾ?"

ಮುಸಲ್ಮಾನರಾದ ನಮ್ಮಲ್ಲಿ ಅದು ತಮಾಷೆಯ ಮಾತಲ್ಲ. ನೀಲವ್ವನಿಗೂ ಗೊತ್ತಿತ್ತು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಬುಟ್ಟಿಯ ಕಡೆಯಿಂದ ಮರಿ ಒದರುತ್ತಲೇ ಇತ್ತು. ಅಜ್ಜನಿಗೂ ಅದು ಕೇಳುತ್ತಿತ್ತು. ಗಡ್ಡ ನೀವಿಕೊಂಡ. ಮತ್ತೆ ನೀವಿಕೊಂಡ.

"ಕಣ್ಣ ಬರೀಬ್ಯಾಡ," ಎಂದ ಕೊನೆಗೆ. "ಬರೇ ಮೂತಿ ಬರಿ. ಕಣ್ಣಿಲ್ಲದ್ದಕ್ಕ ಜೀವಾ ಇಲ್ಲ."

"ಅದರ ಕಣ್ಣ ತಗೊಂಡ ನಾ ಏನ ಮಾಡ್ಲಿ ಅಜ್ಜಾರ?" ಎಂದಳು ನೀಲವ್ವ. "ನೋಡಕೋತ ಅಡ್ಡಾಡ್ಲಿ. ಬಾಯಿ ಕಟ್ಟಿದ್ರ ನನಗ ಸಾಕು."

ಹೀಗೆ ಎರಡು ಮನೆಗಳ ಒಪ್ಪಂದದಂತೆ ಹುಟ್ಟಿದ್ದು ನನ್ನ ಕಣ್ಣಿಲ್ಲದ ತೋಳ. ಕಣ್ಣು ಬಿಟ್ಟು ಬರೀ ಮೂತಿ ಬರೆಯುವ ಅಭ್ಯಾಸ ಕೈಗೆ ಅಂಟಿದ್ದು ಅವತ್ತೇ.

ಆದರೆ ನಾನು ತೋಳ ನೋಡಿದ್ದರೆ ತಾನೆ! ನಾನು ಕಂಡಿದ್ದು ಓಣಿಯ ನಾಯಿ ಮೋತ್ಯಾನನ್ನು. ಕೈ ಅದನ್ನೇ ಬರೆಯಿತು. ಮಬ್ಬಿನಲ್ಲಿ ಯಾರಿಗೂ ತಿಳಿಯಲಿಲ್ಲ. ಬೆಳಗಾದರೆ ಗೋಡೆಯ ಮೇಲೆ ಬಾಯಿ ಮುಚ್ಚಿಕೊಂಡ ಸಾಧು ನಾಯಿಯೊಂದು! ಅದೇ ಬೆಳಿಗ್ಗೆ ಅವ್ವ ಎಸೆದ ರೊಟ್ಟಿಯನ್ನು ಮೋತ್ಯಾ ಮೂಸಿ, ಮುಖ ತಿರುಗಿಸಿ, ನೆರಳಿಗೆ ಹೋಗಿ ಮಲಗಿತು. ಓಣಿಗೆ ಓಣಿಯೇ ನನ್ನನ್ನು ಹಿಡಿದುಕೊಂಡಿತು.

"ಅಯ್ಯ ಇಕಿನ! ನಾಯಿ ಬಾಯಿ ಕಟ್ಯಾಳ ನೋಡ್ರಿ. ಇನ್ನ ಮನಿ ಕಾಯಾವ್ರು ಯಾರು?"

"ತೋಳಕ್ಕ ಇನ್ನೂ ಚಲೋ ಆತು. ತಾನೂ ತಿನ್ನತೈತಿ, ಬೊಗಳಾವ್ರೂ ಇಲ್ಲ."

ಮೋತ್ಯಾ ಎಲ್ಲೋ ಮದುವೆಯ ಊಟ ಮಾಡಿ ಬಂದು ಅಜೀರ್ಣವಾಗಿ ಮಲಗಿತ್ತೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಒದ್ದೆ ಬಟ್ಟೆ ತಂದು ಗೋಡೆ ಒರೆಸಿ ಆಗಿತ್ತು. ಈ ಸಲ ಹೇಳಿಕೊಡುವವರು ಸುತ್ತ ನಿಂತರು. ನಾಯಿಗೆ ಹಣೆಗೂ ಮೂಗಿಗೂ ನಡುವೆ ಒಂದು ಮೆಟ್ಟಿಲು ಇರುತ್ತದೆ, ತೋಳಕ್ಕೆ ಮೆಟ್ಟಿಲಿಲ್ಲ, ನೆಟ್ಟಗೆ ಜಾರುತ್ತದೆ ಎಂದಳು ನೀಲವ್ವ. ಬಾಯಿಯ ಸೀಳು ಇನ್ನೂ ಹಿಂದೆ, ಕಣ್ಣಿರಬೇಕಾದ ಜಾಗದ ಕೆಳಗಿನವರೆಗೆ ಹೋಗಬೇಕು ಎಂದಳು. ನಮ್ಮ ಅವ್ವ ಒಮ್ಮೆ ನಸುಕಿನಲ್ಲಿ ತೋಳವನ್ನು ಎದುರುಬದುರು ಕಂಡವಳು. ಅವಳನ್ನು ಕೇಳಿದರೆ, "ಅದರ ಬಾಯಿ ನನಗೇನ ಗೊತ್ತವಾ, ನನ್ನ ಬಾಯಿ ಬಿಟ್ಟಿದ್ದಷ್ಟs ನೆನಪೈತಿ," ಎಂದಳು. ನಾನು ಗೆರೆಯನ್ನು ಎಳೆದೆ, ಇನ್ನೂ ಎಳೆದೆ. ಮೂತಿ ಉದ್ದವಾಗುತ್ತ ಹೋಗಿ ಕುದುರೆಯ ಊರು ಸೇರುವುದರಲ್ಲಿತ್ತು.

ಅಜ್ಜ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಚಿತ್ರಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಗುಡ್ಡದ ಕಡೆ ಮುಖ ಮಾಡಿ ಹೇಳಿದ: "ಅದಕ್ಕ ಗದ್ದದ ಕೆಳಗ, ದವಡಿ ಅಂಚಿಗುಂಟ ಬೆಳ್ಳಗ ಇರತೈತಿ. ಅರಳಿ ಮೆತ್ತಿದಂಗ."

ಇದ್ದಿಲಿನಿಂದ ಬಿಳುಪು ಬರೆಯುವುದು ಹೇಗೆ? ನಾನು ಓಡಿ ಹೋಗಿ ಒಂದು ಹಿಡಿ ಹಿಂಜಿದ ಅರಳೆ ತಂದೆ. ಅವ್ವ ಹಿಟ್ಟಿನ ಅಂಟು ಕಲಸಿಕೊಟ್ಟಳು. ದವಡೆಯ ಗೆರೆಯ ಕೆಳಗೆ, ಮೂಗಿನ ಹಿಂದಿನಿಂದ ಗಂಟಲಿನವರೆಗೆ ತೆಳ್ಳಗೆ ಅಂಟಿಸುತ್ತ ಹೋದೆ. ಅಂಟಿಸಿ ಹಿಂದೆ ಸರಿದು ನೋಡಿದೆವು. ಗೋಡೆಯ ಮೇಲೆ ಇದ್ದದ್ದು ನಾಯಿಯಾಗಿರಲಿಲ್ಲ.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಅರೆನಿದ್ದೆಯಲ್ಲಿದ್ದ ಹಾಗೆ ಅನಿಸುತ್ತದೆ. ಗಾಳಿ ಬಂದಾಗ ಆ ಅರಳೆ ನಡುಗುತ್ತಿತ್ತು. ದವಡೆ ಉಸಿರಾಡಿದಂತೆ, ಬಾಯಿ ಒಳಗಿಂದೊಳಗೆ ಏನನ್ನೋ ಅನ್ನುತ್ತಿದ್ದಂತೆ ಕಾಣುತ್ತಿತ್ತು. ಶಾಲೆಯಿಂದ ಬಂದವಳೇ ಹೋಗಿ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಿದ್ದೆ. ಕಣ್ಣಿಲ್ಲದ್ದರಿಂದ ಅದು ನನ್ನನ್ನು ನೋಡಲಾರದು. ಆದರೂ ನಾನು ಬಂದದ್ದು ಅದಕ್ಕೆ ಗೊತ್ತಿದೆ ಅನಿಸುತ್ತಿತ್ತು. ಆಚೆ ನಿಜವಾದ ತೋಳ ನೀಲಿ ಗುಡ್ಡದ ಯಾವುದೋ ಕಲ್ಲಿನ ಮರೆಯಲ್ಲಿ ಕೆಂಚಿಯ ಎದುರಿಗೆ ಕೂತಿದೆ, ತೆರೆಯಲಾರದ ಬಾಯಿಯಿಂದ ಅವಳನ್ನು ಮೂಸುತ್ತಿದೆ, ಕೆಂಚಿ ಅಲ್ಲೇ ಹುಲ್ಲು ಮೇಯುತ್ತಿದ್ದಾಳೆ ಎಂದು ಕಲ್ಪಿಸಿಕೊಳ್ಳುತ್ತಿದ್ದೆ. ಅವರಿಬ್ಬರಿಗೂ ಬೇಜಾರಾಗಬಾರದೆಂದು ಕಲ್ಪನೆಯಲ್ಲೇ ಮಾತಿಗೆ ಹಚ್ಚುತ್ತಿದ್ದೆ.

ಬಿ.ಎ. ಓದಿದವರು ಇದನ್ನೆಲ್ಲ ನಂಬುತ್ತೀರೇನು ಎಂದು ಕೇಳುವವರಿದ್ದಾರೆ. ಕೇಳಲಿ. ಗೋಡೆಯ ಮೇಲಿನ ಇದ್ದಿಲು ಗುಡ್ಡದವರೆಗೆ ಮುಟ್ಟುವುದಿಲ್ಲವೆಂದು ನನಗೂ ಗೊತ್ತು. ಆದರೆ ಆ ಗೋಡೆಯ ಮುಂದೆ ಕೂತು ಬಂದ ಮೇಲೆ ಮುಂಡರಗಿಯ ದಾರಿಯಲ್ಲಿ ಯಾವುದೋ ಕಾಂಪೌಂಡಿಗೆ ಬರೆಸಿದ ಬಣ್ಣದ ತೋಳ ಬಸ್ಸಿನ ಕಿಟಕಿಯಿಂದ ಕಂಡಾಗೆಲ್ಲ ನನಗೆ ನಗು ಬರುತ್ತದೆ. ಕಣ್ಣು ಬಲ್ಬಿನಷ್ಟಿವೆ. ಹಲ್ಲು ಬಾಯಿಯಲ್ಲಿ ಹಿಡಿಸಲಾರದಷ್ಟಿವೆ. ಪಾಪ, ಅದಕ್ಕೆ ಬಾಯಿ ಮುಚ್ಚಬೇಕೆಂದರೂ ಬರಲಿಕ್ಕಿಲ್ಲ.

ಇತ್ತ ಮರಿ ಸೊರಗುತ್ತಿತ್ತು.

ನಮ್ಮಲ್ಲಿ ಆಗಷ್ಟೇ ಈದ ಆಡು ಇತ್ತು. ನೀಲವ್ವ ಅದರ ಹಾಲನ್ನು ಬಟ್ಟಲಲ್ಲಿ ಒಯ್ದು, ಬಟ್ಟೆಯ ಬತ್ತಿ ಅದ್ದಿ ಅದ್ದಿ ಮರಿಯ ಬಾಯಿಗೆ ಹಿಡಿಯುತ್ತಿದ್ದಳು. ಮರಿ ಬತ್ತಿಯನ್ನು ಕಚ್ಚುತ್ತಿತ್ತು, ಬಿಡುತ್ತಿತ್ತು. ಅರ್ಧ ಹಾಲು ಕೊರಳಿಗೆ ಇಳಿಯುತ್ತಿತ್ತು. ಆಡಿನ ಕೆಚ್ಚಲಿಗೇ ಹಚ್ಚಿದರೆ ಮರಿ ಬದುಕುತ್ತಿತ್ತು. ಅದಕ್ಕೆ ಮಾತ್ರ ಅವಳು ಒಲ್ಲಳು. ಅವ್ವ ಬೇಲಿಯ ಈಚೆಯಿಂದ ದಿನವೂ ಜಗಳಕ್ಕೆ ನಿಲ್ಲುತ್ತಿದ್ದಳು.

"ನಿನ್ನ ಹಟದಾಗ ಮರಿ ಸಾಯತೈತಿ ನೀಲವ್ವಾ. ತಗೊಂಡ ಬಾ ಇಲ್ಲಿ. ನಮ್ಮ ಆಡು ಒದೆಯೂದಿಲ್ಲ, ನಾ ಕಾಲ ಹಿಡಕೋತೀನಿ."

"ನಿಮ್ಮ ಆಡಿನ ವಾಸನಿ ಹತ್ತತೈತಿ ಪಾತವ್ವಾ. ನಾಳೆ ಕೆಂಚಿ ಬಂದ ಮೂಸಿ ನೋಡಿ ನಂದಲ್ಲ ಅಂತ ಒದ್ರ ಏನ ಮಾಡ್ಲಿ?"

"ಬಂದ್ರಲ್ಲ!"

"ಯಾಕ ಬರೂದಿಲ್ಲ? ಬಾಯಿ ಕಟ್ಟೇವಲ್ಲ."

ಅವ್ವ ಗೋಡೆಯ ಕಡೆ ನೋಡುತ್ತಿದ್ದಳು, ನನ್ನ ಕಡೆ ನೋಡುತ್ತಿದ್ದಳು, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ನನಗೆ ಹೆಮ್ಮೆ. ನಾನು ಬರೆದ ಬಾಯಿ ಎಷ್ಟು ಗಟ್ಟಿ ಮುಚ್ಚಿಕೊಂಡಿದೆ! ಎಲ್ಲಾದರೂ ಗೆರೆ ಮಾಸಿದರೆ ಇದ್ದಿಲು ತಂದು ಮತ್ತೆ ಒತ್ತಿ ತೀಡುತ್ತಿದ್ದೆ.

ಹೀಗೆಯೇ ಇದ್ದಾಗ ಒಂದು ಸಂಜೆ ಬತ್ತಿ ಹಿಡಿದರೆ ಮರಿ ತಲೆ ಎತ್ತಲಿಲ್ಲ. ನೀಲವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಗದ್ದ ಎತ್ತಿ ನೋಡಿದಳು. ಬಿಟ್ಟರೆ ಗದ್ದ ಕೆಳಗೆ ಬಿತ್ತು. ಬೇರೆ ಕುರಿಗಳು ಬಂದು, ಮೂಸಿ, ಹಾಲೂಡಿ, ಹಟ್ಟಿ ತಣ್ಣಗಾಗಿತ್ತು. ಅವಳು ಬಹಳ ಹೊತ್ತು ಗುಡ್ಡದ ಕಡೆ ನೋಡಿದಳು. ಗುಡ್ಡ ನೀಲಿಯಿಂದ ಕಪ್ಪಿಗೆ ತಿರುಗುತ್ತಿತ್ತು.

"ಮಾಬೀ, ಇದ್ದಲಿ ತಗೊಂಡ ಬಾ," ಎಂದಳು. "ಬಾಯಿ ಬಿಚ್ಚೂಣು."

ನಾನು ಗೋಡೆಗೆ ಅಡ್ಡ ನಿಂತೆ. "ಬ್ಯಾಡ ದೊಡ್ಡವ್ವಾ! ಬಿಚ್ಚಿದ್ರ ಕೆಂಚೀನ ತಿಂತೈತಿ."

"ತಿಂದೈತೆವಾ. ಯಾವಾಗೋ ತಿಂದೈತಿ. ನೀ ಗೋಡಿ ಮುಟ್ಟೂ ಮದ್ಲs ತಿಂದಿರತೈತಿ."

"ಮತ್ಯಾಕ ಕಟ್ಟಿಸಿದಿ?"

ಅವಳು ಮರಿಯ ಕಿವಿಯನ್ನು ಬೆರಳಲ್ಲಿ ಸುತ್ತುತ್ತ ಕೂತಳು. "ಅಷ್ಟ ದಿನಾರ ಕೆಂಚಿ ನನ್ನಾಕಿನs ಇದ್ಳಲ್ಲ," ಎಂದಳು. ದನಿ ಸಣ್ಣದಾಗಿತ್ತು. ನೀಲವ್ವನ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. ನಾನು ಇದ್ದಿಲು ತಂದೆ.

ಒರೆಸಿಬಿಟ್ಟರೆ ಆಗುವುದಿಲ್ಲವಂತೆ. ಒರೆಸಿದರೆ ಬಾಯಿಯೇ ಹೋಗುತ್ತದೆ, ತೆರೆಯುವುದೆಲ್ಲಿ? ತೆರೆದ ಬಾಯಿಯನ್ನೇ ಬರೆಯಬೇಕು. ಮೇಲಿನ ಮೂತಿಯನ್ನು ಹಾಗೇ ಬಿಟ್ಟು ಕೆಳದವಡೆಯನ್ನಷ್ಟೇ ಒದ್ದೆ ಬಟ್ಟೆಯಿಂದ ತೆಗೆದೆ. ಅರಳೆಯನ್ನು ನಿಧಾನಕ್ಕೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆ. ಹೊಸ ದವಡೆ ಎಲ್ಲಿಂದ ಇಳಿಯಬೇಕು? ಮೂಗಿನ ಕೆಳಗಿನಿಂದ ಇಳಿಸಿದರೆ ಮೊರದ ಹಾಗಾಯಿತು. ಕೊರಳಿನಿಂದ ಇಳಿಸಿದರೆ ಬಾಯಿ ಮುರಿದು ತೂಗಾಡಿದ ಹಾಗಾಯಿತು. ನೀಲವ್ವ ಮರಿಯನ್ನು ತೋಳಿನ ಸಂದಿಗೆ ಏರಿಸಿಕೊಂಡು ನನ್ನ ಪಕ್ಕ ಬಂದು ಕೂತಳು. ಇದ್ದಿಲು ಹತ್ತಿದ ನನ್ನ ಬೆರಳನ್ನು ತನ್ನ ಕಿವಿಯ ಮುಂದೆ ಒತ್ತಿ ಹಿಡಿದು ಬಾಯಿ ಅಗಲಿಸಿದಳು. ಬೆರಳಿನ ಕೆಳಗೆ ಎಲುಬು ಸರಿದದ್ದು ಗೊತ್ತಾಯಿತು.

"ಇಲ್ಲಿ ಐತಿ ನೋಡ ಕೀಲು. ಇಲ್ಲಿಂದ ಇಳಸು."

ಅಲ್ಲಿಂದ ಇಳಿಸಿದೆ. ಬಾಯಿ ತೆರೆದುಕೊಂಡಿತು. ಬಿಡಿಸಿದ ಅರಳೆಯನ್ನು ಹೊಸ ದವಡೆಯ ಅಂಚಿಗೆ ಮೆತ್ತಿದೆ. ಹಳೆಯ ಅಂಟು ಸಾಲದೆ ಎಂಜಲು ಹಚ್ಚಿದೆ.

"ಹಲ್ಲ ಬರೀಲೇನ ದೊಡ್ಡವ್ವಾ?"

"ಬರಿ ಬರಿ. ಹಲ್ಲಿಲ್ದ ಏನ ತಿನ್ನತೈತಿ ಪಾಪ."

ಹಲ್ಲು ಬರೆದೆ. ಮುಂದೆ ಉದ್ದನೆಯವು, ಒಳಗೆ ಸಣ್ಣವು. ನೀಲವ್ವ ಅದನ್ನು ಒಂದು ಗಳಿಗೆ ನೋಡಿದಳು. ನೋಡಿ ಎದ್ದವಳು ಮತ್ತೆ ಆ ಕಡೆ ತಿರುಗಲಿಲ್ಲ. ಮರಿಯನ್ನು ಎದೆಗವಚಿಕೊಂಡು ನಮ್ಮ ಹಿತ್ತಿಲಿಗೆ ನಡೆದಳು. ಹೋಗುತ್ತ ಹೋಗುತ್ತಲೇ ಅಳು ಒಡೆಯಿತು. "ನನ್ನ ಕೆಂಚೀ, ನನ್ನವ್ವಾ, ಎಲ್ಲಿ ಬಿದ್ದೀಯವಾ," ಎಂದು ಮನುಷ್ಯರಿಗೆ ಅಳುವ ಹಾಗೆ ಅತ್ತಳು. ಅಜ್ಜನ ಬಿಲ್ಲು ನಿಂತಿತು. ಅವ್ವ ಆಡಿನ ಹಿಂಗಾಲು ಹಿಡಿದು ಕೂತಳು.

ಮರಿಯ ಬಾಯಿಯನ್ನು ನೀಲವ್ವ ಎರಡು ಬೆರಳಿನಿಂದ ಬಿಡಿಸಿ ಮೊಲೆಗೆ ಹಚ್ಚಿದಳು. ಏನೂ ಆಗಲಿಲ್ಲ. ಅವ್ವ ಮೊಲೆ ಹಿಂಡಿದಳು. ಬಿಸಿ ಹಾಲು ಮರಿಯ ನಾಲಿಗೆಗೆ, ಮೂಗಿಗೆ ಸಿಡಿಯಿತು. ಸೀನಿತು. ಗದ್ದ ಒಮ್ಮೆ ಅಲುಗಿತು, ನಿಂತಿತು. ನಾವು ಮೂವರೂ ಆ ಪುಟ್ಟ ದವಡೆಯನ್ನೇ ನೋಡುತ್ತಿದ್ದೆವು. ಅದು ಮತ್ತೆ ಅಲುಗಿತು. ಆಮೇಲೆ ನಿಲ್ಲಲಿಲ್ಲ. ಆಡು ತಿರುಗಿ ಮರಿಯ ಬೆನ್ನು ಮೂಸಿತು, ತನ್ನದಲ್ಲವೆಂದು ತಿಳಿದರೂ ಅಷ್ಟೇನೂ ಮನಸ್ಸಿಗೆ ಹಚ್ಚಿಕೊಳ್ಳದೆ ಮೆಲುಕು ಹಾಕತೊಡಗಿತು. ಮರಿಯ ಬಾಲ ಸಣ್ಣಗೆ ಅದುರಿತು.

ನೀಲವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು ನಮ್ಮ ಹಿತ್ತಿಲ ಗೋಡೆಗೆ ಒರಗಿದಳು.

"ಪಾತವ್ವಾ, ರೊಟ್ಟಿ ಅದಾವೇನ?"

"ಅದಾವ. ಪಲ್ಲೆ ಇಲ್ಲ ನೋಡು. ಶೇಂಗಾಚಟ್ನಿ ಐತಿ."

"ಆತು, ಕೊಡು."

ಅವ್ವ ಒಲೆಯ ಮುಂದಿನಿಂದ ಬಿಸಿ ರೊಟ್ಟಿ ತಂದು ಅವಳ ಕೈಯ ಮೇಲೆ ಹಾಕಿದಳು. ನೀಲವ್ವ ಅಳುತ್ತಲೇ ತುತ್ತು ಮುರಿದಳು, ಅಳುತ್ತಲೇ ತಿಂದಳು. ಕಿವಿಯ ಮುಂದೆ ನನ್ನ ಬೆರಳಿನ ಇದ್ದಿಲು ಹತ್ತಿದ್ದಲ್ಲಿ ಕಪ್ಪು ಕಲೆ ಏಳುತ್ತ ಇಳಿಯುತ್ತ ಇತ್ತು. ಅವ್ವ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.